ಛಲದ ಜೊತೆಗೆ ಟೇಪೂ ಬೇಕು

ವೀಲ್‌ಚೇರ್ ಬಳಸುವವರು ಕೆಲಸಕ್ಕೆ ಸೇರಿ ಆರೇ ತಿಂಗಳಿಗೆ ಬಿಟ್ಟರೆ "ಪಾಪ, ಕೈಲಾಗಲಿಲ್ಲ" ಅಂದುಬಿಡುತ್ತಾರೆ. ಒಳಹೊಕ್ಕು ನೋಡಿದರೆ ಎಷ್ಟೋ ಸಲ ಸಿಗುವುದು ಅಳತೆ ತಪ್ಪಿದ ಕುರ್ಚಿ, ಅದರಲ್ಲಿ ಕೂತೂ ಕೂತೂ ಆದ ಹುಣ್ಣು. ಬೆಂಗಳೂರಿನ ವೀಲ್‌ಚೇರ್ ಕ್ರೀಡಾಪಟು ಮಾಲತಿ ಹೊಳ್ಳ ಅವರ ಪದಕಗಳನ್ನೂ ಪದ್ಮಶ್ರೀಯನ್ನೂ ನೆನೆದು ನಾವು ಛಲದ ಮಾತಾಡುತ್ತೇವೆ. ಛಲ ನಿಜ. ಆದರೆ ಕೂತು ಎಸೆಯುವ ಸ್ಪರ್ಧೆಗಳಲ್ಲಿ ಆಸನವನ್ನು ನೆಲಕ್ಕೆ ಭದ್ರವಾಗಿ ಬಿಗಿದಿರುತ್ತಾರೆ. ಅದು ಅಲುಗಾಡಿದರೆ ತೋಳಿನ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ. ಆಫೀಸಿನಲ್ಲಿ ಎಂಟು ಗಂಟೆ ಕೂರುವವರಿಗೂ ಇದೇ ಮಾತು.

ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮಡಚುವ ಕುರ್ಚಿ ಇನ್ನೊಬ್ಬರು ಸ್ವಲ್ಪ ದೂರ ತಳ್ಳಿಕೊಂಡು ಹೋಗಲಿಕ್ಕೆ ಮಾಡಿದ್ದು. ದಿನವಿಡೀ ಕೂರುವುದಕ್ಕೆ ಅಳತೆ ಕೊಟ್ಟೇ ಮಾಡಿಸಬೇಕು. ಗಟ್ಟಿ ಬೆಂಚಿನ ಮೇಲೆ ಕೂರಿಸಿ, ದರ್ಜಿಯ ಟೇಪ್ ಹಿಡಿಯಿರಿ. ಸೊಂಟದ ಕೆಳಗೆ ಅತಿ ಅಗಲವಾದ ಜಾಗವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ (ಸುತ್ತಳತೆ ಅಲ್ಲ) ಅಳೆದು ಒಂದು ಇಂಚು ಸೇರಿಸಿದರೆ ಸೀಟಿನ ಅಗಲ. ಇದಕ್ಕಿಂತ ಹೆಚ್ಚಾದರೆ ಮೈ ಒಂದು ಕಡೆ ವಾಲುತ್ತದೆ, ಭುಜ ಬೇಗ ಸವೆಯುತ್ತದೆ. ಸೀಟಿನ ಉದ್ದಕ್ಕೆ, ಪೃಷ್ಠದ ಹಿಂಬದಿಯಿಂದ ಮಂಡಿಯ ಹಿಂದಿನ ಮಡಿಕೆವರೆಗೆ ಅಳೆದು ಎರಡು ಇಂಚು ಕಳೆಯಿರಿ. ಕಳೆಯದಿದ್ದರೆ ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತದೆ, ಅದನ್ನು ತಪ್ಪಿಸಲು ಮನುಷ್ಯ ಮುಂದಕ್ಕೆ ಜಾರುತ್ತಾನೆ, ಕೊನೆಗೆ ಭಾರವೆಲ್ಲ ಬಾಲಮೂಳೆಯ ಮೇಲೆ. ಪಾದದ ಹಲಗೆ ಎತ್ತರವಾದರೂ ಅಷ್ಟೇ: ಮಂಡಿ ಮೇಲೇಳುತ್ತದೆ, ತೊಡೆ ಹೊರಬೇಕಾದ ಭಾರ ಹಿಂದಕ್ಕೆ ಹೋಗುತ್ತದೆ.

ಮೆತ್ತೆಯ ವಿಷಯದಲ್ಲಿ ಕಾಸು ಉಳಿಸಬೇಡಿ. ಹತ್ತಿ ದಿಂಬು ಕೆಲವೇ ವಾರಗಳಲ್ಲಿ ಗಂಟುಗಟ್ಟುತ್ತದೆ. ಒಳ್ಳೆಯ ಫೋಮ್ ಕೂಡ ಚಪ್ಪಟೆಯಾಗುತ್ತದೆ. ಪರೀಕ್ಷೆ ಸುಲಭ: ಅವರನ್ನು ಮುಂದಕ್ಕೆ ಬಾಗಿಸಿ, ಮೈಗೂ ಮೆತ್ತೆಗೂ ನಡುವೆ, ಕೂರುವ ಮೂಳೆಯ ಕೆಳಗೆ ಬೆರಳ ತುದಿ ಇಟ್ಟು, ಮತ್ತೆ ನೆಟ್ಟಗೆ ಕೂರಲು ಹೇಳಿ. ಬೆರಳು ಅರ್ಧ ಸೆಂಟಿಮೀಟರ್ ಮೇಲೆ ಕೆಳಗೆ ಆಡಿದರೆ ಸರಿ. ಆಡದಿದ್ದರೆ ಎಚ್ಚರ. ಇಕ್ಕಳದಲ್ಲಿ ಸಿಕ್ಕಿದಂತಾದರೆ ಆ ಮೆತ್ತೆ ಇಂದೇ ಬದಲಾಗಬೇಕು.

ಸ್ಪರ್ಶ ಗೊತ್ತಾಗದವರು ಅರ್ಧ ಗಂಟೆಗೊಮ್ಮೆ ಎದೆಯನ್ನು ತೊಡೆಗೆ ತಾಗಿಸುವಂತೆ ಬಾಗಿ ಸುಮಾರು ಎರಡು ನಿಮಿಷ ಇರಬೇಕು. ಕೈಯೂರಿ ಒಂದು ಕ್ಷಣ ಎದ್ದರೆ ಸಾಲದು, ಅಷ್ಟರಲ್ಲಿ ರಕ್ತ ಮರಳುವುದಿಲ್ಲ, ಭುಜಕ್ಕೂ ಪೆಟ್ಟು. ಜೀನ್ಸ್‌ನ ಹಿಂದಿನ ಜೇಬು, ದಪ್ಪ ಹೊಲಿಗೆ ಕೂಡ ಹುಣ್ಣಿಗೆ ದಾರಿ. ಬೆಳಿಗ್ಗೆ, ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಿ. ನಮ್ಮ ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ, ಮುಟ್ಟಿ ನೋಡಬೇಕು: ಬಿಸಿ ಇದೆಯಾ, ಗಟ್ಟಿಯಾಗಿದೆಯಾ. ಇದ್ದರೆ ಅದು ಹೋಗುವವರೆಗೆ ಆ ಜಾಗದ ಮೇಲೆ ಕೂರಬಾರದು. ರಜೆ ಹಾಕಿದರೂ ಪರವಾಗಿಲ್ಲ. ಹುಣ್ಣು ಆಳಕ್ಕಿಳಿದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ.

ಇಂಟರ್‌ವ್ಯೂಗೆ ಹೋದಾಗಲೇ ಆಫೀಸಿನ ಟಾಯ್ಲೆಟ್ ನೋಡಿ. ಸಂಕೋಚ ಬೇಡ. ಬಾಗಿಲು 90 ಸೆಂಟಿಮೀಟರ್ ಇದೆಯಾ, ಹೊರಕ್ಕೆ ತೆರೆಯುತ್ತದಾ, ಒಳಗೆ ಕುರ್ಚಿ ತಿರುಗಿಸಲು ಐದಡಿ ಜಾಗ ಇದೆಯಾ? ಇಲ್ಲದ ಕಡೆ ಜನ ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಮೇಲೆ ಮೂತ್ರದ ಸೋಂಕು, ಜ್ವರ. ಈ ನಗರದಲ್ಲಿ ಬಾಯಾರಿಕೆ ತಡೆದುಕೊಂಡು ದುಡಿಯುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ರ‍್ಯಾಂಪ್‌ಗೆ ಲೆಕ್ಕ 1:12. ಆರು ಇಂಚಿನ ಮೆಟ್ಟಿಲಿಗೆ ಆರು ಅಡಿ ಉದ್ದ. ಎರಡಡಿ ಹಲಗೆ ಹಾಕಿ "ರ‍್ಯಾಂಪ್ ಇದೆ" ಅಂದರೆ ಒಪ್ಪಬೇಡಿ, ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಓಡಾಟಕ್ಕೆ ಪಕ್ಕದ ಗಾಲಿಗಳ ಸ್ಕೂಟರ್ ಮಾಡಿಸಿದರೆ ಆ ಬದಲಾವಣೆಯನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿ. ಇಲ್ಲದಿದ್ದರೆ ವಿಮೆಗೆ ತಕರಾರು. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮೊದಲೇ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿ ಸಿಗುವುದು ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಇದ್ದವರಿಗೆ. ಕುರ್ಚಿಯ ಅಳತೆಗೆ ಬೆಂಗಳೂರಿನ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಸಂಸ್ಥೆಯಲ್ಲಿ ವಿಚಾರಿಸಬಹುದು.

ಕುರ್ಚಿ ಬಂದ ಮೇಲೆ ಭಾನುವಾರಕ್ಕೊಮ್ಮೆ ಹತ್ತು ನಿಮಿಷ ಕೊಡಿ. ಮುಂದಿನ ಚಿಕ್ಕ ಗಾಲಿಗಳ ಅಚ್ಚಿಗೆ ಸುತ್ತಿದ ಕೂದಲು, ದಾರ ಕತ್ತರಿಸಿ ತೆಗೆಯಿರಿ. ಹೆಬ್ಬೆರಳಿನಿಂದ ಟೈರ್ ಒತ್ತಿ. ಅರ್ಧ ಸೆಂಟಿಮೀಟರ್‌ಗಿಂತ ಒಳಗೆ ಹೋದರೆ ಗಾಳಿ ಹೊಡೆಯಿರಿ.