ದೇವಿಮನೆ ಘಟ್ಟದಾಚೆಯ ನೇರಳೆ

ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಯತ್ತ ಹೊರಟಾಗ ನನ್ನ ಚೀಲದಲ್ಲಿದ್ದುದು ಗಾಜಿನ ಭರಣಿ, ಅಮೋನಿಯಾ ಬಾಟಲಿ ಮತ್ತು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ. ಮಸಾಲೆಗೆ ಹಾಕುವ, ಮರದ ತೊಗಟೆಗೆ ಅಂಟಿ ಬೆಳೆಯುವ ಕಲ್ಲುಹೂವಿನ (ಲೈಕನ್) ಬಳಗದಲ್ಲಿಯೇ ರೇಷ್ಮೆಗೆ ನೇರಳೆ ಬಣ್ಣ ಕೊಡುವ ಪಾರ್ಮೋಟ್ರೀಮಾ ಟಿಂಕ್ಟೋರಮ್ ಎಂಬ ಜಾತಿಯಿದೆ. ಅದನ್ನು ನೆಂಟರ ತೋಟದ ಮೇಲಿನ ಬೆಟ್ಟದಲ್ಲಿ ಹುಡುಕುವುದು ನನ್ನ ಉದ್ದೇಶವಾಗಿತ್ತು.

“ಮರದ್ದು ಹೆರೆಯಡ ತಮಾ, ಬಿದ್ದಿದ್ದೇ ಸಾಕು” ಎಂದರು ಮಾವ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಜೀವಿಯ ವಿಷಯದಲ್ಲಿ ಅದು ನ್ಯಾಯವಾದ ಮಾತು. ಮಳೆಗಾಲದಲ್ಲಿ ಮುರಿದುಬಿದ್ದಿದ್ದ ಮಾವಿನ ಟೊಂಗೆಯ ಮೇಲೆ ಅಂಗೈಯಗಲದ ಬೂದು ಹಾಳೆಗಳಿದ್ದವು. ಒಂದರ ಮೇಲ್ಪದರವನ್ನು ಚಾಕುವಿನಿಂದ ಕೆರೆದು, ಒಳಗಿನ ಬಿಳಿ ತಿರುಳಿನ ಮೇಲೆ ಬ್ಲೀಚಿಂಗ್ ಪುಡಿಯ ತಿಳಿನೀರಿನ ಹನಿಯೊಂದನ್ನು ಬಿಟ್ಟೆ. ಕುಂಕುಮದಂಥ ಕೆಂಪು ತಟ್ಟನೆ ಮೂಡಿ, ನೋಡನೋಡುತ್ತಲೇ ಮಾಯವಾಯಿತು. ಬಣ್ಣದ ಮೂಲವಾದ ಲೆಕನೋರಿಕ್ ಆಮ್ಲ ಅದರಲ್ಲಿದೆ ಎಂಬುದಕ್ಕೆ ಅದೇ ಗುರುತು.

ಪುಡಿಮಾಡಿದ ಕಲ್ಲುಹೂವನ್ನು ಒಂದು ಪಾಲು ಅಮೋನಿಯಾ, ಎರಡು ಪಾಲು ನೀರಿನಲ್ಲಿ ನೆನೆಸಿ, ಗಾಳಿಯಾಡಲೆಂದು ಭರಣಿಯನ್ನು ಅರ್ಧ ಖಾಲಿ ಬಿಟ್ಟು, ದಿನವೂ ಮುಚ್ಚಳ ತೆರೆದು ಕುಲುಕುವಂತೆ ಮಾವನಿಗೆ ಒಪ್ಪಿಸಿದೆ. ಅಮೋನಿಯಾ ಆ ಆಮ್ಲವನ್ನು ಆರ್ಸಿನಾಲ್ ಎಂಬ ವಸ್ತುವಾಗಿ ಒಡೆಯುತ್ತದೆ. ಗಾಳಿಯ ಆಮ್ಲಜನಕ ಸೇರಿದಾಗ ನೇರಳೆಯ ಆರ್ಸೀನ್ ಹುಟ್ಟುತ್ತದೆ. ಯುರೋಪಿನವರು ಅಮೋನಿಯಾಕ್ಕಾಗಿ ಹಳಸಿದ ಮೂತ್ರವನ್ನು ಬಳಸುತ್ತಿದ್ದರು ಎಂದಾಗ ಮಾವ, “ನಮ್ಮನೆ ಕೊಟ್ಟಿಗೆಲಿ ಗೋಮೂತ್ರಕ್ಕೆ ಬರ ಇಲ್ಲೆ” ಎಂದು ನಕ್ಕರು. ಫ್ಲಾರೆನ್ಸಿನ ರುಚೆಲ್ಲಾಯ್ ಮನೆತನ ಸಿರಿವಂತವಾದದ್ದು ಇಂಥದೇ ಬಣ್ಣದಿಂದ. ಸ್ಕಾಟ್ಲೆಂಡಿನ ಕತ್‌ಬರ್ಟ್ ಗಾರ್ಡನ್ 1758ರಲ್ಲಿ ತನ್ನ ಬಣ್ಣಕ್ಕೆ ಪೇಟೆಂಟ್ ಪಡೆದು, ತಾಯಿಯ ಮನೆತನದ ಹೆಸರಿನಿಂದ ಅದನ್ನು ಕಡ್‌ಬೇರ್ ಎಂದು ಕರೆದ. 1856ರಲ್ಲಿ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ ಕೃತಕ ನೇರಳೆಯನ್ನು ಕಂಡುಹಿಡಿದ ಮೇಲೆ ಈ ಕಸುಬಿಗೆ ಇಳಿಗಾಲ ಬಂತು.

ನಾಲ್ಕು ವಾರದ ನಂತರ ಮತ್ತೆ ಘಟ್ಟ ಹತ್ತಿದೆ. ಭರಣಿಯ ರಸ ಮೊದಲ ವಾರ ಮುರುಗಲು ಪಾನಕದಂತಿತ್ತಂತೆ. ನಾನು ನೋಡುವಾಗ ಕಳಿತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸೋಸಿ, ನೀರು ಬೆರೆಸಿ, ಕುದಿಯಲು ಬಿಡದೆ ತಾಸುಗಟ್ಟಲೆ ಬಿಸಿಯಲ್ಲಿಟ್ಟಾಗ, ಬಣ್ಣ ಕಚ್ಚಿಸಲು ಹಾಕುವ ಪಟಿಕದ ಹಂಗಿಲ್ಲದೆಯೇ ಅತ್ತೆಯ ಹಳೆಯ ರೇಷ್ಮೆ ಸೀರೆಯ ತುಂಡು ಬಣ್ಣ ಹಿಡಿಯಿತು. ಜೊತೆಗೆ ಹಾಕಿದ್ದ ಹತ್ತಿ ಬಟ್ಟೆ ಮಾತ್ರ ಮಾಸಿದಂತೆ ಉಳಿಯಿತು.

ಈ ನೇರಳೆ ಬಿಸಿಲಿಗೆ ನಿಲ್ಲುವುದಿಲ್ಲ ಎಂದು ತಿಳಿದಿದ್ದರೂ, ರೇಷ್ಮೆಯ ತುಂಡನ್ನು ಮಡಚಿ ಕಾರವಾರದ ನಮ್ಮ ಮನೆಯ ಪಡುಗಿಟಕಿಯಲ್ಲಿಟ್ಟೆ. ಮೂರು ತಿಂಗಳಾದ ಮೇಲೆ ಬಿಡಿಸಿದರೆ, ಮಡಿಕೆಯ ಒಳಗಡೆ ಮಾತ್ರ ಶಿರಸಿಯಲ್ಲಿ ಕಂಡ ಬಣ್ಣ ಹಾಗೆಯೇ ಇತ್ತು.