ಕಾರಿನ ಮುಂದೊಂದು ದೀಪ, ಅದಕ್ಕೊಂದು ಬೋಟಿನ ವೈರು

ಕುಮಟೆಯಲ್ಲಿ ಕಾರಿಗೆ ಹೊರಗಿನಿಂದ ಏನೇ ಹಚ್ಚಿದರೂ ಅದು ಉಪ್ಪುಗಾಳಿಗೂ ತಡೆಯಬೇಕು, ನಾಲ್ಕು ತಿಂಗಳ ಮಳೆಗೂ ತಡೆಯಬೇಕು. ಗೇಟಿನ ಚಿಲಕವೇ ಇಲ್ಲಿ ಬಹಳ ವರ್ಷ ಬಾಳುವುದಿಲ್ಲ. ಹಾಗಾಗಿ ನಮ್ಮ ಎಲೆಕ್ಟ್ರಿಕ್ ಕಾರಿನ ಮುಂಭಾಗಕ್ಕೆ ಬೆಳಗುವ ಲೋಗೋ ಕೂರಿಸುವ ಮನಸ್ಸಾದಾಗ, ಬೆಳಕಿಗಿಂತ ನೀರಿನ ಬಗ್ಗೆಯೇ ಹೆಚ್ಚು ತಲೆ ಕೆಡಿಸಿಕೊಂಡೆ.

ಈ ಆಸೆಗೆ ಒಂದು ಕಾರಣವಿದೆ. ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ ಇಲ್ಲ, ಗಾಳಿ ನುಗ್ಗಲು ದೊಡ್ಡ ಜಾಲರಿ ಬೇಕಿಲ್ಲ; ಮುಂಭಾಗವನ್ನು ಬಹುಪಾಲು ಮುಚ್ಚಿಯೇ ಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ಕಣ್ಣು ಹೋಗಿ ನಿಲ್ಲುವುದು ಲೋಗೋ ಮೇಲೆ ಮಾತ್ರ. ಫೋಕ್ಸ್‌ವ್ಯಾಗನ್ 2024ರ ಗಾಲ್ಫ್‌ಗೆ ಬೆಳಗುವ ಲೋಗೋವನ್ನು ಕಂಪನಿಯಿಂದಲೇ ಕೊಟ್ಟಿತು. ನಮ್ಮಲ್ಲೂ ಈಗ ಕೆಲವು ಕಾರು ಹಾಗೆ ಬರುತ್ತಿವೆ. ಹುಬ್ಬಳ್ಳಿಯಲ್ಲಿ ಒಂದು ಸಂಜೆ ಅಂಥದ್ದೊಂದು ಎದುರಿಗೆ ಬಂತು. ಹೆಡ್‌ಲೈಟಿನ ನಡುವೆ ತೆಳುವಾದ ಬಿಳಿ ಗೆರೆಯಲ್ಲಿ ಲೋಗೋ ಬೆಳಗುತ್ತಿತ್ತು. ನನಗೆ ಅದು ಬಹಳ ಚೆಂದ ಕಂಡಿತು, ನಮ್ಮ ಕಾರಿಗೂ ಬೇಕೆನಿಸಿತು.

ಕೊಳ್ಳುವ ಮೊದಲು ನೋಡಲೇಬೇಕಾದ್ದು ಲೋಗೋದ ಹಿಂದೆ ಏನಿದೆ ಅನ್ನುವುದು. ಮುಂದಿನ ವಾಹನದ ದೂರ ಅಳೆದು ತಾನೇ ಬ್ರೇಕ್ ಹಾಕುವ ಕೆಲವು ಕಾರುಗಳಲ್ಲಿ ರೇಡಾರ್ ಕೂತಿರುವುದು ಲೋಗೋದ ಬೆನ್ನಿಗೇ. ಅಲ್ಲಿ ಲೋಹ, ಎಲ್‌ಇಡಿ ಪಟ್ಟಿ ಅಡ್ಡ ಬಂದರೆ ಅದರ ಕಣ್ಣು ಕಟ್ಟಿದ ಹಾಗೆ. ಕೋನಾ, ಪಂಚ್ ಇವಿಯಂಥ ಕಾರುಗಳಲ್ಲಿ ಚಾರ್ಜಿಂಗ್ ಬಾಯಿ ಮುಂಭಾಗದಲ್ಲೇ ಇದೆ; ಮುಚ್ಚಳ ತೆರೆದು ಮುಚ್ಚುವಾಗ ವೈರು ಸಿಕ್ಕಿಕೊಳ್ಳದಂತೆ ನೋಡಬೇಕು. ನಮ್ಮ ಕಾರಿನಲ್ಲಿ ಎರಡರ ತಕರಾರೂ ಇರಲಿಲ್ಲ. ಮಾರುವವರ ಬಳಿ ಕೆಂಪು, ನೀಲಿ ಎಲ್ಲ ಬಣ್ಣವೂ ಇತ್ತು. ನಾನು ಬಿಳಿಯನ್ನೇ ತರಿಸಿದೆ. ವಾಹನದ ಮುಂದಕ್ಕೆ ಕೆಂಪು ಬೆಳಕು ಕಾಣಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮ 108 ಹೇಳುತ್ತದೆ, ಹೇಳದಿದ್ದರೂ ರಾತ್ರಿ ಹೆದ್ದಾರಿಯಲ್ಲಿ ಎದುರಿಂದ ಕೆಂಪು ದೀಪ ಕಂಡವನಿಗೆ ಈ ಗಾಡಿ ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯುವುದು ಹೇಗೆ?

ಡಬ್ಬಿಯ ಮೇಲೆ ಐಪಿ67 ಎಂದು ದೊಡ್ಡದಾಗಿ ಬರೆದಿತ್ತು. ಧೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡುವುದಿಲ್ಲ ಅಂತ ಅರ್ಥ. ತದಡಿ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ವೈರಿಂಗ್ ಮಾಡುವ ಗೆಳೆಯನೊಬ್ಬನಿದ್ದಾನೆ, ಶಾಲೆಯಲ್ಲಿ ಜೊತೆಗೆ ಓದಿದವನು. ಅವನಿಗೆ ತೋರಿಸಿದೆ. ಡಬ್ಬಿಯನ್ನು ತಿರುಗಿಸಿಯೂ ನೋಡಲಿಲ್ಲ. "ಬಿಸಿಲಲ್ಲಿಟ್ಟು ಕಾಯ್ಸು, ಆಮೇಲೆ ತಣ್ಣೀರಿಗೆ ಹಾಕು. ಬರ್ದದ್ದು ಸುಳ್ಳೋ ಖರೆಯೋ ಅದೇ ಹೇಳ್ತದೆ" ಅಂದ.

ಇದರ ಹಿಂದಿನ ಲೆಕ್ಕ ಸರಳ. ದೀಪ ಉರಿದು ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ಅದರ ಮೇಲೆ ಮಳೆ ಬಿದ್ದಾಗ ಒಮ್ಮೆಲೇ ತಣಿದು ಕುಗ್ಗುತ್ತದೆ. ಕುಗ್ಗುವಾಗ ಎಲ್ಲಿ ಕೂದಲೆಳೆಯಷ್ಟು ಸಂದು ಸಿಕ್ಕರೂ ಅಲ್ಲಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬರೀ ನೀರಿನಲ್ಲಿ ಮುಳುಗಿಸಿದರೆ ಈ ಎಳೆತ ಇರುವುದಿಲ್ಲ. ಮೇ ತಿಂಗಳ ಬಿಸಿಲು, ಅಂಗಳದ ಕಲ್ಲಿನ ಮೇಲೆ ಲೋಗೋ ಉರಿಸಿಟ್ಟೆ. ಮುಟ್ಟಲಾಗದಷ್ಟು ಕಾದ ಮೇಲೆ ಬಾವಿಯಿಂದ ಆಗಷ್ಟೇ ಸೇದಿದ ನೀರಿನ ಬಕೆಟ್ಟಿಗೆ ಇಳಿಸಿದೆ. ಹೊರಗೆ ತೆಗೆದು ಒರೆಸಿದರೆ ಮುಖದ ಅಂಚಿನಲ್ಲಿ ಒಳಗಿಂದ ಮಂಜು ಕಟ್ಟಿತ್ತು. ಫೋಟೋ ತೆಗೆದು ಮಾರಿದವರಿಗೆ ಕಳಿಸಿ ವಾಪಸ್ ಮಾಡಿದೆ. ಬೇರೆ ಕಡೆಯಿಂದ ತರಿಸಿದ್ದು ಅದೇ ಪರೀಕ್ಷೆಯಲ್ಲಿ ಒಳಗೆ ಸ್ವಲ್ಪವೂ ಮಂಜು ಕಟ್ಟಲಿಲ್ಲ. ಆದರೂ ವೈರು ಹೊರಬರುವ ಬುಡಕ್ಕೆ ಸಿಲಿಕೋನ್ ಸುತ್ತಿ ಒಣಗಲು ಬಿಟ್ಟೆ.

ಗೆಳೆಯನ ಎರಡನೇ ಮಾತು ವೈರಿನದು. "ಸಾದಾ ವೈರು ಹಾಕ್ಬೇಡ ಮಾರಾಯ, ಒಂದೇ ಮಳೆಗಾಲಕ್ಕೆ ಒಳಗಿಂದ ಹಸಿರಾಗ್ತದೆ." ಬೋಟಿಗೆ ಹಾಕುವ ವೈರಿನಲ್ಲಿ ತಾಮ್ರದ ಒಂದೊಂದು ಎಳೆಗೂ ತವರದ ಲೇಪ ಇರುತ್ತದೆ, ಅಡುಗೆಮನೆಯ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿದ ಹಾಗೆ. ಸುಲಿದರೆ ಬೆಳ್ಳಗೆ ಕಾಣುತ್ತದೆ. ತನ್ನ ಸುರುಳಿಯಿಂದಲೇ ಬೇಕಾದಷ್ಟು ಕತ್ತರಿಸಿ ಕೊಟ್ಟ. ಜಾಯಿಂಟಿಗೆ ಬೆಸುಗೆಯನ್ನೂ ಬೇಡವೆಂದ: ಬೆಸುಗೆ ನಿಂತಲ್ಲಿ ವೈರು ಬಿರುಸಾಗುತ್ತದೆ, ಗಾಡಿಯ ಅದುರಾಟಕ್ಕೆ ಸರಿಯಾಗಿ ಅಲ್ಲೇ ಮುರಿಯುತ್ತದೆ. ಎರಡು ತುದಿಗಳನ್ನು ಲೋಹದ ತೋಳಿನಲ್ಲಿಟ್ಟು ಇಕ್ಕಳದಿಂದ ಅದುಮಿ (ಕ್ರಿಂಪ್ ಮಾಡಿ), ಅದರ ಮೇಲೆ ಒಳಬದಿಗೆ ಅಂಟು ಇರುವ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ ಕಾಯಿಸಬೇಕು. ಕೊಳವೆ ಕುಗ್ಗುತ್ತಾ ಬಂದು ಎರಡೂ ತುದಿಯಲ್ಲಿ ಅಂಟು ಜೇನಿನ ಹನಿಯಂತೆ ಹೊರಗೆ ಇಣುಕಿದಾಗ ಕೆಲಸ ಸರಿಯಾಯಿತೆಂದು ಗೊತ್ತು.

ಭಾನುವಾರ ಬೆಳಿಗ್ಗೆ ಬಾನೆಟ್ ತೆರೆದಾಗ ಅಪ್ಪಯ್ಯ ಜಗಲಿಯಿಂದಲೇ ಕೇಳಿದ: "ತಮಾ, ಹೊಸಾ ಗಾಡಿ ಬಿಚ್ಚಿರೆ ವಾರಂಟಿ ಹೋಗ್ತಿಲ್ಯನಾ?" ಸರಿಯಾದ ಪ್ರಶ್ನೆಯೇ. ಕಂಪನಿಯ ವೈರನ್ನು ಕತ್ತರಿಸಿ ಜೋಡಿಸಿದರೆ ಆ ಭಾಗ ಕೆಟ್ಟಾಗ ಅವರು ಕೈ ಎತ್ತಬಹುದು. ಅದಕ್ಕೇ ಒಂದು ವೈರನ್ನೂ ಕತ್ತರಿಸದೆ, ಬೇಕೆಂದಾಗ ಎಲ್ಲ ಬಿಚ್ಚಿ ಹಳೇ ಲೋಗೋ ಕೂರಿಸುವಂತೆ ಮಾಡಬೇಕೆಂದು ಮೊದಲೇ ತೀರ್ಮಾನಿಸಿದ್ದೆ.

ಎಲೆಕ್ಟ್ರಿಕ್ ಕಾರಿನಲ್ಲಿ ಎರಡು ಬ್ಯಾಟರಿ. ಗಾಡಿ ಓಡಿಸುವ ದೊಡ್ಡದರಲ್ಲಿ ಹೆಚ್ಚಾಗಿ ಮುನ್ನೂರು ವೋಲ್ಟಿಗೂ ಮೇಲೆ. ಅದರ ವೈರೆಲ್ಲ ಕಿತ್ತಳೆ ಬಣ್ಣದ ಹೊದಿಕೆಯಲ್ಲಿ ಇರುತ್ತವೆ. ಅವಕ್ಕೆ ಕೈ ಹಾಕುವುದು ನಮ್ಮಂಥವರ ಕೆಲಸ ಅಲ್ಲವೇ ಅಲ್ಲ. ಇನ್ನೊಂದು ಸಾದಾ 12 ವೋಲ್ಟಿನದು, ದೀಪ, ಹಾರ್ನ್, ಬಾಗಿಲ ಲಾಕ್ ಎಲ್ಲ ಅದರದ್ದೇ. ನಮ್ಮ ಕೆಲಸ ಅಲ್ಲಿಗೆ ಸೀಮಿತ. ಹತ್ತು ನಂಬರ್ ಸ್ಪ್ಯಾನರ್‌ನಿಂದ ಅದರ ನೆಗೆಟಿವ್ ಬಿಚ್ಚಿ ಬಟ್ಟೆ ಸುತ್ತಿಟ್ಟೆ.

ಹಳೇ ಲೋಗೋವನ್ನು ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಗಾಳಕ್ಕೆ ಕಟ್ಟುವ ನೈಲಾನ್ ದಾರವನ್ನು ಹಿಂದಕ್ಕೆ ಹಾಯಿಸಿ ಗರಗಸದಂತೆ ಎಳೆದೆ. ಬಣ್ಣಕ್ಕೆ ಗೀರಿಲ್ಲದೆ ಬಿಟ್ಟುಕೊಂಡಿತು. ಕಂಪನಿಯವರು ಲೋಗೋದ ಮೊಳೆಗೆಂದು ಬಿಟ್ಟ ತೂತೊಂದಿತ್ತು. ಅದರಲ್ಲೇ ರಬ್ಬರ್ ಬಳೆ ಕೂರಿಸಿ ವೈರು ದಾಟಿಸಿದೆ. ಹೊಸದಕ್ಕೆ ಅಂಟಿಸುವ ಟೇಪ್ ಪೂರ್ತಿ ಬಿಗಿಯಾಗಲು 72 ತಾಸು ಬೇಕು, ಅಲ್ಲಿಯವರೆಗೆ ಕಾರಿಗೆ ನೀರು ಹೊಡೆಯುವಂತಿಲ್ಲ.

ಕರೆಂಟ್ ಎಲ್ಲಿಂದ ಎನ್ನುವುದಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಬ್ಯಾಟರಿ ಮತ್ತೆ ಜೋಡಿಸಿ, ಹಗಲು ಉರಿಯುವ ದೀಪದ ವೈರಿಗೆ ಮೀಟರ್ ಹಿಡಿದೆ. ಹನ್ನೆರಡರ ಬದಲು ಎಂಟರ ಆಸುಪಾಸು ತೋರಿಸಿತು. ಕಾರಿನ ಕಂಪ್ಯೂಟರ್ ಆ ದೀಪವನ್ನು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಹಾಕಿ ಆರಿಸುತ್ತಿರುತ್ತದೆ. ಮೀಟರಿಗೆ ಸಿಗುವುದು ಅದರ ಸರಾಸರಿ. ಅಲ್ಲಿಂದ ತೆಗೆದುಕೊಂಡರೆ ಲೋಗೋ ಮಿಣುಕುತ್ತದೆ, ಕಾರು ದೀಪ ಕೆಟ್ಟಿದೆಯೆಂದು ಎಚ್ಚರಿಕೆ ಕೊಟ್ಟರೂ ಕೊಟ್ಟೀತು. ಕಾರು ಆನ್ ಆದಾಗ ಮಾತ್ರ ಜೀವ ಬರುವ ಫ್ಯೂಸ್ ಒಂದನ್ನು ಡಬ್ಬಿಯಲ್ಲಿ ಹುಡುಕಿ, ಅದರ ಜಾಗಕ್ಕೆ ಎರಡು ಫ್ಯೂಸ್ ಹಿಡಿಯುವ ಟ್ಯಾಪ್ ಹಾಕಿದೆ. ಮೇಲಿನದರಲ್ಲಿ ಲೋಗೋಗೆಂದು 2 ಆಂಪಿಯರ್ ಫ್ಯೂಸ್. ಲೋಗೋ ಎಳೆಯುವುದು 0.3 ಆಂಪಿಯರ್ ಅಷ್ಟೇ.

ಈ ಚಿಕ್ಕ ಸಂಖ್ಯೆಯನ್ನೂ ಹಗುರವಾಗಿ ಕಾಣಬಾರದು. ನಮ್ಮ ಚಿಕ್ಕ ಬ್ಯಾಟರಿ 35 ಆಂಪಿಯರ್ ಅವರ್‌ದು, ಅಂದರೆ ಒಂದು ಆಂಪಿಯರ್ ಎಳೆದರೆ 35 ತಾಸು ಬರುವಂಥದ್ದು. ನಿಂತ ಕಾರಿನಲ್ಲಿ ಲೋಗೋ ಹಗಲೂ ರಾತ್ರಿ ಉರಿದರೆ ನಾಲ್ಕೈದು ದಿನಕ್ಕೆ ಅದು ಬರಿದು. ಚಿಕ್ಕದು ಬರಿದಾದರೆ ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚೇ ಎಳೆಯುವುದಿಲ್ಲ. ನೂರಕ್ಕೆ ನೂರು ಚಾರ್ಜ್ ಇಟ್ಟುಕೊಂಡ ಕಾರು ಅಲ್ಲಾಡದೆ ನಿಲ್ಲುತ್ತದೆ.

ಅರ್ತ್‌ಗೆ, ಅಂದರೆ ಕರೆಂಟ್ ವಾಪಸ್ ಹೋಗಲು ಕಾರಿನ ಮೈಗೆ ಕಟ್ಟುವ ವೈರಿಗೆ, ಹೊಸ ತೂತು ಕೊರೆಯಲಿಲ್ಲ, ಕೊರೆದಲ್ಲಿಂದಲೇ ಇಲ್ಲಿ ತುಕ್ಕು ಶುರು. ಕಂಪನಿಯದೇ ಬೋಲ್ಟಿಗೆ ಕಟ್ಟಿ ಮೇಲೆ ಗ್ರೀಸ್ ಬಳಿದೆ. ಫ್ಯೂಸ್ ಡಬ್ಬಿಗೆ ಹೋಗುವ ಮೊದಲು ವೈರನ್ನು ಒಂದು ಗೇಣು ಕೆಳಕ್ಕೆ ಜೋಲು ಬಿಟ್ಟು ಮೇಲೆತ್ತಿದೆ. ವೈರು ಹಿಡಿದು ಬಂದ ನೀರು ಜೋಲಿನ ತಳದಲ್ಲೇ ತೊಟ್ಟಿಕ್ಕಬೇಕು. ಕಾರು ಆನ್ ಮಾಡಿದೆ. ಲೋಗೋ ಹತ್ತಿತು. ಅಪ್ಪಯ್ಯ ಇಳಿದು ಬಂದು ಎದುರು ನಿಂತು ನೋಡಿ, ಆಯಿಯನ್ನೂ ಕರೆದ. ನನಗಾದ ಖುಷಿ ಹೇಳತೀರದು.

ಜೂನ್‌ನಲ್ಲಿ ಶಿರಸಿಗೆ ಹೊರಟಾಗ ದೇವಿಮನೆ ಘಟ್ಟದಲ್ಲಿ ಮಂಜು ದಟ್ಟವಾಗಿತ್ತು. ಲೋಗೋದ ಬೆಳಕು ಮಂಜಿಗೆ ಬಡಿದು ಕಣ್ಣಿಗೆ ಬರುತ್ತದೋ ಅಂತ ನೋಡುತ್ತಲೇ ಹೋದೆ, ಬರಲಿಲ್ಲ. ಶಿರಸಿಯಲ್ಲಿ ಮಾವ ಕೊಡೆ ಹಿಡಿದು ಕಾರಿಗೆ ಸುತ್ತು ಹಾಕಿ ನೋಡಿದವರು, "ಕರೆಂಟ್ ಎಷ್ಟು ತಿಂತು ಇದು?" ಎಂದರು. ನಾಲ್ಕು ವಾಟ್, ಹತ್ತು ತಾಸು ಉರಿದರೂ ಕಾರು ಮುನ್ನೂರು ಮೀಟರ್ ಓಡುವಷ್ಟು ಆಗುವುದಿಲ್ಲ ಎಂದಾಗ ತಲೆದೂಗಿದರು.

ದಸರೆಯಲ್ಲಿ ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಿದೆ. ಜಾಯಿಂಟ್ ಹಾಗೇ ಇದೆ, ಟರ್ಮಿನಲ್ ಹೊಳೆಯುತ್ತಿದೆ, ಗಾಜಿನೊಳಗೆ ಮಂಜಿಲ್ಲ. ಓಣಿಯಲ್ಲಿ ಈಗ ನಮಗೂ ಹಾಕಿಕೊಡಿ ಎಂದು ಕೇಳುವವರಿದ್ದಾರೆ. ಮೊನ್ನೆ ಒಬ್ಬರು ಲೋಗೋ ತಂದೇ ಬಿಟ್ಟಿದ್ದರು. ಅವರ ಕಾರಿನ ಕೈಪಿಡಿ ತೆರೆದು ನೋಡಿದೆ, ರೇಡಾರ್ ಲೋಗೋದ ಹಿಂದೆಯೇ ಇತ್ತು. ಇದಕ್ಕೆ ನಾನು ಕೈ ಹಾಕುವುದಿಲ್ಲ, ನೀವೂ ಬೇರೆಯವರ ಹತ್ತಿರ ಹಾಕಿಸಬೇಡಿ ಎಂದು ಆ ಪುಟವನ್ನು ತೋರಿಸಿ, ಚಹಾ ಕುಡಿಸಿ ಕಳಿಸಿದೆ.