ಕಂಟ್ರಾಕ್ಟರ್, ಕಪ್ಪು ಮಣ್ಣು ಮತ್ತು ಕೊನೆಯ ಚೆಕ್ಕು

ಟೆಕ್ಸಾಸ್‌ನಲ್ಲಿ ಇನ್ನೊಬ್ಬರ ಕೂದಲು ಕತ್ತರಿಸಬೇಕು ಅಂದರೆ ರಾಜ್ಯದ ಲೈಸೆನ್ಸ್ ಬೇಕು. ಹಿತ್ತಲು ಅಗೆದು ಈಜುಕೊಳ ಕಟ್ಟೋಕೆ ಬೇಡ. ವೈರಿಂಗ್ ಮಾಡುವವನಿಗೆ ಬೇಕು, ನಿಜ. ಆದರೆ ಇಡೀ ಕೆಲಸ ಒಪ್ಪಿಕೊಂಡು ಚೆಕ್ಕು ಇಸಿದುಕೊಳ್ಳುವ ಮನುಷ್ಯನಿಗೆ ಒಂದು ಪಿಕಪ್ ಟ್ರಕ್ಕು, ಒಂದು ಫೋನು ಇದ್ದರೆ ಸಾಕು. ನಮ್ಮ ಕಂಟ್ರಾಕ್ಟರ್ ಹತ್ತಿರ ಎರಡೂ ಇದ್ದವು. ಬೇರೇನೂ ಇರಲಿಲ್ಲ. ಅಗೆಯುವ ಯಂತ್ರ ಬಾಡಿಗೆಯದು, ಕಬ್ಬಿಣ ಕಟ್ಟುವವರು ಬೇರೆ, ಕಾಂಕ್ರೀಟ್ ಹೊಡೆಯುವವರು ಬೇರೆ, ಟೈಲ್ಸಿನವರು ಬೇರೆ. ಇವನ ಕೆಲಸ ಇಷ್ಟೇ, ನಮ್ಮಿಂದ ದುಡ್ಡು ತೆಗೆದುಕೊಂಡು ಅವರಿಗೆ ಫೋನ್ ಮಾಡೋದು. ಅದರಲ್ಲಿ ಮೊದಲನೆಯದನ್ನು ಮಾತ್ರ ಸರಿಯಾದ ಸಮಯಕ್ಕೆ ಮಾಡುತ್ತಿದ್ದ.

ನಾವಿರುವುದು ಡಲ್ಲಾಸ್‌ನ ಉತ್ತರಕ್ಕೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟೋದು ಮಾಮೂಲು, ಮಕ್ಕಳು ರಜೆಯಿಡೀ ಮನೆಯೊಳಗೇ ಕೂತಿರುತ್ತಾರೆ, ಅಕ್ಕಪಕ್ಕದ ಹಿತ್ತಲುಗಳಲ್ಲಿ ನೀಲಿ ನೀರು ಕಾಣಿಸುತ್ತದೆ. ಅಷ್ಟು ಸಾಕಾಯಿತು ನಮಗೆ. ಒಟ್ಟು ಖರ್ಚು ಒಂದು ಲಕ್ಷ ಡಾಲರ್ ಹತ್ತಿರ. ಊರಿನಲ್ಲಿರುವ ಅತ್ತೆಗೆ ಈ ಅಂಕಿ ಇವತ್ತಿಗೂ ಹೇಳಿಲ್ಲ.

ಮೊದಲು ಮಣ್ಣಿನ ಮಾತು. ನಾನು ಬೆಳೆದದ್ದು ನವಲಗುಂದದ ಕಡೆ. ಅಲ್ಲಿನ ಎರೆ ಹೊಲ ಹೇಗೋ ಇಲ್ಲಿನ ನೆಲವೂ ಹಾಗೇ, ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅನ್ನುತ್ತಾರೆ. ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನೆನೆದರೆ ಉಬ್ಬುತ್ತದೆ. ಅದಕ್ಕೇ ಇಲ್ಲಿ ಮನೆಗಳ ಪಾಯ ಅಲುಗಾಡೋದು, ಗೋಡೆ ಸೀಳೋದು ಜಾಸ್ತಿ. ಇಂಥ ಮಣ್ಣಲ್ಲಿ ತೋಡಿದ ಗುಂಡಿಯನ್ನು ಸುಮ್ನೆ ಬಿಡುವಂತಿಲ್ಲ. ತೋಡು, ಕಬ್ಬಿಣ ಕಟ್ಟು, ಕಾಂಕ್ರೀಟ್ ಹೊಡೆ, ಎಲ್ಲಾ ಬೇಗ ಬೇಗ ಆಗಬೇಕು.

ನಮ್ಮವನು ತೋಡಿ ಮಾಯವಾದ.

ಬಾಬ್‌ಕ್ಯಾಟ್ (ಅಗೆಯುವ ಪುಟ್ಟ ಯಂತ್ರ) ಒಳಗೆ ಬರಲಿ ಅಂತ ಬೇಲಿಯ ಎರಡು ಭಾಗ ಕಿತ್ತು ಹಾಕಿದ್ದ. ಅಲ್ಲಿಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆ ಕಟ್ಟಿ ಹೋದವನು ಪತ್ತೆಯೇ ಇಲ್ಲ. ಆಮೇಲೆ ಮಳೆ ಬಂತು. ಗುಂಡಿಯಲ್ಲಿ ಕೆಸರು ನೀರು ನಿಂತಿತು, ಆಳದ ಕಡೆಯ ಗೋಡೆ ಒಂದಿಷ್ಟು ಜರಿಯಿತು, ಎಚ್‌ಒಎಯವರಿಂದ (ಬಡಾವಣೆಯ ಮನೆ ಮಾಲೀಕರ ಸಂಘ) ಬೇಲಿ ಇಲ್ಲದ್ದಕ್ಕೆ ನೋಟಿಸ್ ಬಂತು. ನೋಟಿಸ್ ಬಂದದ್ದು ನಮಗೆ, ಅವನಿಗಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ. ಮೆಸೇಜ್ ಹಾಕಿದರೆ ಹೆಬ್ಬೆರಳಿನ ಚಿತ್ರ ಬರುತ್ತದೆ. ಮಳೆ, ಇನ್‌ಸ್ಪೆಕ್ಟರ್ ರಜೆ, ಪಂಪ್ ಸ್ಟಾಕ್ ಇಲ್ಲ, ಹುಡುಗರು ಬೇರೆ ಸೈಟಿನಲ್ಲಿದ್ದಾರೆ, ಹೀಗೆ ಒಂದೊಂದು ವಾರ ಒಂದೊಂದು. ಹಳ್ಳಿಯಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ವಾಪಸ್ ಕಳಿಸುತ್ತಿದ್ದರಲ್ಲ, ನಾನು ಇವನ ಪಾಲಿನ ದೆವ್ವ ಆಗಿದ್ದೆ. ನನ್ನ ಗಂಡ ಮಾತ್ರ ‘ಪಾಪ, ಅವನಿಗೂ ಎಷ್ಟು ತಾಪತ್ರಯವೋ’ ಅನ್ನುತ್ತಿದ್ದರು. ಮನೆಯಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಮೊದಲಿಂದಲೂ ಗಟ್ಟಿ ಇದ್ದೆ. ಅದು ಕಂತು. ನಮ್ಮಪ್ಪ ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುವಾಗ ಮೇಸ್ತ್ರಿಗೆ ಶನಿವಾರದ ಬಟವಾಡೆ ಬಿಟ್ಟರೆ ಬೇರೆ ಪೈಸೆ ಮುಂಗಡ ಕೊಡುತ್ತಿರಲಿಲ್ಲ. ಈತ ತಂದ ಕಾಗದದಲ್ಲಿ ಸಹಿಗೆ 10%, ಗುಂಡಿ ತೋಡುವ ದಿನ 30%, ಕಾಂಕ್ರೀಟ್ ದಿನ 35%, ಡೆಕ್‌ಗೆ (ಕೊಳದ ಸುತ್ತಲಿನ ನೆಲ) 20%, ಕೊನೆಗೆ 5% ಎಂದಿತ್ತು. ಅಂದರೆ ಹಿತ್ತಲಲ್ಲಿ ಬರೀ ಒಂದು ಕಾಂಕ್ರೀಟ್ ಬೋಗುಣಿ ಇರುವಾಗ ಮುಕ್ಕಾಲು ದುಡ್ಡು ಅವನ ಜೇಬಿನಲ್ಲಿ. ಇನ್ನು 5% ಸಲುವಾಗಿ ಯಾರು ವಾಪಸ್ ಬರುತ್ತಾರೆ ಹೇಳಿ? ನಾವು ಚೌಕಾಸಿ ಮಾಡಿ ಬದಲಾಯಿಸಿದೆವು. ಸಹಿಗೆ 10, ಕಬ್ಬಿಣ ಕಟ್ಟಿ ನಗರದ ಇನ್‌ಸ್ಪೆಕ್ಷನ್ ಪಾಸಾದ ಮೇಲೆ 25, ಕಾಂಕ್ರೀಟ್ ಮುಗಿದ ಮೇಲೆ 25, ಟೈಲ್ಸು ಮತ್ತು ಡೆಕ್ ಮುಗಿದ ಮೇಲೆ 20, ಎಲ್ಲಾ ಮುಗಿದ ಮೇಲೆ 20. ‘ಶುರುವಾದಾಗ’ ಅನ್ನುವ ಕಡೆಯಲ್ಲೆಲ್ಲ ‘ಪಾಸಾದ ಮೇಲೆ’, ‘ಮುಗಿದ ಮೇಲೆ’ ಎಂದು ಬರೆಸಿದೆವು. ಅವನು ಮುಖ ಹುಳ್ಳಗೆ ಮಾಡಿಕೊಂಡ, ಆದರೆ ಸಹಿ ಹಾಕಿದ. ಗುಂಡಿ ತೋಡಿ ಓಡಿಹೋದವನು ತಿರುಗಿ ಬಂದದ್ದು ಆ 25ಕ್ಕೇ, ನಮ್ಮ ಮೇಲಿನ ಪ್ರೀತಿಗಲ್ಲ.

ಕಾಂಕ್ರೀಟ್ ದಿನ ನಿಜಕ್ಕೂ ನೋಡುವಂಥದ್ದು. ಇಲ್ಲಿ ಗನೈಟ್ ಬಳಸುತ್ತಾರೆ. ಮರಳು ಸಿಮೆಂಟು ಒಣಗಿದ್ದೇ ಪೈಪಿನಲ್ಲಿ ಗಾಳಿಯ ಜೋರಿಗೆ ಬರುತ್ತದೆ, ಮೂತಿಯ ಹತ್ತಿರ ಮಾತ್ರ ನೀರು ಸೇರುತ್ತದೆ. ಎಷ್ಟು ನೀರು ಅನ್ನೋದು ಪೂರ್ತಿ ಆ ಮೂತಿ ಹಿಡಿದವನ ಕೈಯಲ್ಲಿ. ಗೋಡೆಗೆ ಹೊಡೆದದ್ದರಲ್ಲಿ ಒಂದಿಷ್ಟು ಪುಟಿದು ಕೆಳಗೆ ಬೀಳುತ್ತದೆ. ಅದರಲ್ಲಿ ಸಿಮೆಂಟ್ ಕಮ್ಮಿ, ಬಲ ಇರುವುದಿಲ್ಲ, ಎತ್ತಿ ಎಸೆಯಬೇಕು. ಸೋಮಾರಿಗಳು ಅದನ್ನೇ ಮೆಟ್ಟಿಲ ಕೆಳಗೆ ತುಂಬಿ ಮುಚ್ಚುತ್ತಾರೆ. ನಾನು ಬೆಳಿಗ್ಗೆಯಿಂದ ಕುರ್ಚಿ ಹಾಕಿಕೊಂಡು ಇದನ್ನೇ ಕಾಯುತ್ತಾ ಕೂತಿದ್ದೆ. ಆ ತಂಡದವರು, ಬಹುತೇಕ ಮೆಕ್ಸಿಕೋ ಕಡೆಯವರು, ಬಿದ್ದದ್ದನ್ನೆಲ್ಲ ಸಲಿಕೆಯಲ್ಲಿ ಎತ್ತಿ ಹೊರಗೆ ಹಾಕಿದರು, ಯಾರೂ ಹೇಳಬೇಕಾಗಲಿಲ್ಲ. ಆಮೇಲೆ ಕ್ಯೂರಿಂಗಿಗೆ ಜನ ಕಳಿಸುತ್ತೇನೆ ಎಂದಿದ್ದ ಕಂಟ್ರಾಕ್ಟರ್ ಯಾರನ್ನೂ ಕಳಿಸಲಿಲ್ಲ, ದಿನಾ ಬೆಳಿಗ್ಗೆ ಸಂಜೆ ನಾನೇ ಪೈಪ್ ಹಿಡಿದು ನೀರು ಹೊಡೆದೆ. ಅದೇನು ನಮಗೆ ಹೊಸದಲ್ಲ ಬಿಡಿ.

ಕಾಂಕ್ರೀಟಿನ ಕಂತು ಕೊಟ್ಟಾಯಿತು. ಇವನು ಮತ್ತೆ ಮಾಯ. ಆಮೇಲೊಂದು ಶನಿವಾರ ಸಂಜೆ ಗನೈಟ್ ತಂಡದ ಮೇಸ್ತ್ರಿ ಮನೆ ಬಾಗಿಲಿಗೆ ಬಂದ. ಟ್ರಕ್ಕಿನಲ್ಲಿ ಕೂತಿದ್ದ ಶಾಲೆಗೆ ಹೋಗುವ ಮಗಳನ್ನು ಕರೆದು ಇಂಗ್ಲಿಷಿನಲ್ಲಿ ಹೇಳಿಸಿದ: ತನಗೆ ಇನ್ನೂ ದುಡ್ಡು ಬಂದಿಲ್ಲ. ಜಗಳ ಆಡಲಿಲ್ಲ, ಟೋಪಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ನನ್ನ ಎದೆ ಧಸಕ್ಕೆಂದಿತು. ಯಾಕೆ ಅಂದರೆ ಟೆಕ್ಸಾಸ್‌ನಲ್ಲಿ ಕಂಟ್ರಾಕ್ಟರ್ ಕೈಗೆ ನಾವು ಪೂರ್ತಿ ಕೊಟ್ಟಿದ್ದರೂ ಕೆಲಸ ಮಾಡಿದವನಿಗೆ ಅದು ಮುಟ್ಟದಿದ್ದರೆ ಅವನು ನಮ್ಮ ಮನೆಯ ಮೇಲೆ ಲೀನ್ (ಬಾಕಿ ಹಣಕ್ಕಾಗಿ ಆಸ್ತಿಯ ಮೇಲೆ ದಾಖಲಿಸುವ ಹಕ್ಕು) ಹಾಕುವ ದಾರಿ ಇದೆ. ಅದು ಇರುವವರೆಗೆ ಮನೆ ಮಾರುವುದು ಕಷ್ಟ.

ಸ್ವಂತ ವಾಸದ ಮನೆಗೆ ಸ್ವಲ್ಪ ರಕ್ಷಣೆ ಉಂಟು. ಕೆಲಸ ಶುರುವಾಗುವ ಮೊದಲೇ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದ ಒಪ್ಪಂದ ಇರಬೇಕು, ಅದು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ದಾಖಲಾಗಿರಬೇಕು, ಆಗ ಮಾತ್ರ ಲೀನ್ ಕಾನೂನಿನ ಮುಂದೆ ಸಿಂಧುವಾಗುತ್ತದೆ. ಸಹಿ ದಿನ ‘ಮೇಡಂ ಕೂಡ ಇರಲೇಬೇಕು’ ಎಂದು ಇವನು ಪಟ್ಟು ಹಿಡಿದದ್ದು ಇದಕ್ಕೇ, ನನ್ನ ಮೇಲಿನ ಗೌರವಕ್ಕಲ್ಲ. ನಮಗೆ ಅನುಕೂಲವಾದ ಕಾನೂನೂ ಇದೆ. ಒಪ್ಪಂದದ 10% ಹಣವನ್ನು ಕೆಲಸ ಮುಗಿದ ಮೇಲೂ 30 ದಿನ ಮಾಲೀಕರು ತಡೆಹಿಡಿಯಬೇಕು. ಹಿಡಿಯಬಹುದು ಅಲ್ಲ, ಹಿಡಿಯಬೇಕು. ‘ಅದನ್ನೆಲ್ಲ ಯಾರೂ ಮಾಡಲ್ಲ’ ಎಂದು ಕಂಟ್ರಾಕ್ಟರ್ ಹೇಳುತ್ತಾನೆ, ಕೇಳಬೇಡಿ. ಕೊನೇ ಕಂತಿನ ಹೊತ್ತಿಗೆ ಎಲ್ಲರ ಬಿಲ್ಲೂ ಪಾವತಿಯಾಗಿದೆ ಎಂದು ಅವನು ಅಫಿಡವಿಟ್ ಕೊಡಬೇಕು. ಎಲ್ಲಕ್ಕಿಂತ ಚೂಪಾದದ್ದು ಟೆಕ್ಸಾಸ್‌ನ ಆಸ್ತಿ ಕಾನೂನು, ಪ್ರಾಪರ್ಟಿ ಕೋಡ್‌ನ 162ನೇ ಅಧ್ಯಾಯ. ಕಟ್ಟಡಕ್ಕೆ ಅಂತ ಕೊಟ್ಟ ದುಡ್ಡು ಕಂಟ್ರಾಕ್ಟರ್ ಕೈಯಲ್ಲಿ ಟ್ರಸ್ಟ್ ಹಣ, ಅಂದರೆ ಬೇರೆಯವರ ಪರವಾಗಿ ಇಟ್ಟುಕೊಂಡ ಹಣ ಇದ್ದಂತೆ, ಕೆಲಸ ಮಾಡಿದವರಿಗೆ ಕೊಡದೆ ಬೇರೆ ಕಡೆ ತಿರುಗಿಸಿದರೆ ಅದು ಕ್ರಿಮಿನಲ್ ಅಪರಾಧ ಆಗಬಹುದು.

ಇಷ್ಟನ್ನೂ ಒಂದೇ ಪುಟದಲ್ಲಿ ಬರೆದು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆ. ಬೈಗುಳ ಇಲ್ಲ, ಒಂದು ಆಶ್ಚರ್ಯಸೂಚಕ ಚಿಹ್ನೆ ಕೂಡ ಇಲ್ಲ. ಯಾರು ಯಾರಿಗೆ ಎಷ್ಟು ಬಾಕಿ ಪಟ್ಟಿ ಕೊಡು, ಗನೈಟಿನವರು ದುಡ್ಡು ಮುಟ್ಟಿದೆ ಅಂತ ಬರೆದುಕೊಟ್ಟ ಕಾಗದ ತಾ, ಇನ್ನು ಮುಂದಿನ ಚೆಕ್ಕು ನಿನ್ನ ಹೆಸರು ಮತ್ತು ಕೆಲಸ ಮಾಡಿದವನ ಹೆಸರು ಎರಡೂ ಸೇರಿಸಿಯೇ ಬರೆಯುತ್ತೇನೆ. ಪತ್ರ ತಲುಪಿದ ದಿನವೇ ಫೋನ್ ಬಂತು. ಅಷ್ಟು ದಿನ ಹೆಬ್ಬೆರಳು ಮಾತ್ರ ಇದ್ದ ಮನುಷ್ಯನಿಗೆ ಬಾಯಿ ಬಂದಿತ್ತು! ಇಷ್ಟು ವರ್ಷದಲ್ಲಿ ಯಾರೂ ತನ್ನನ್ನು ಹೀಗೆ ಅವಮಾನ ಮಾಡಿರಲಿಲ್ಲವಂತೆ. ಮಾಡಿಸಿಕೊಂಡ ಮೇಲೆ ಗನೈಟಿನವರ ದುಡ್ಡು ಕೊಟ್ಟ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಡೆಕ್ ಕಾಂಕ್ರೀಟ್ ಹಾಕುವ ಮೊದಲು ಕೊಳದ ಸುತ್ತ ಬರಿಯ ತಾಮ್ರದ ತಂತಿ ಎಳೆದು ಕಬ್ಬಿಣ, ಪಂಪು ಎಲ್ಲಕ್ಕೂ ಜೋಡಿಸಬೇಕು, ನೀರಿನಲ್ಲಿರುವವರಿಗೆ ಶಾಕ್ ಹೊಡೆಯದ ಹಾಗೆ. ಅದನ್ನು ಪೂರ್ತಿ ಮಾಡದೆಯೇ ಡೆಕ್ ಹಾಕಲು ಲಾರಿ ಬುಕ್ ಮಾಡಿದ್ದ. ನಗರದ ಇನ್‌ಸ್ಪೆಕ್ಟರ್ ಕೆಂಪು ಚೀಟಿ ಅಂಟಿಸಿ ಹೋದರು. ಇಲ್ಲಿನ ಸರ್ಕಾರಿ ನೌಕರರ ಬಗ್ಗೆ ಏನೇ ಹೇಳಲಿ, ಆ ಮನುಷ್ಯನನ್ನು ಊಟಕ್ಕೆ ಕರೆಯೋಣ ಅನಿಸಿತು. ತಂತಿ ಸರಿಯಾಯಿತು, ಡೆಕ್ ಆಯಿತು, ಟೈಲ್ಸಿನವರಿಗೆ ಜಂಟಿ ಚೆಕ್ಕು ಕೊಟ್ಟೆವು, ಪ್ಲಾಸ್ಟರ್ ಆದ ತಕ್ಷಣ ನಡುವೆ ನಿಲ್ಲಿಸದೆ ನೀರು ತುಂಬಿಸಿದೆವು, ನಿಲ್ಲಿಸಿದರೆ ಗೋಡೆಯ ಮೇಲೆ ಗೆರೆ ಉಳಿಯುತ್ತದೆ. ಬೇಲಿ ಕೂಡ ಬಂತು, ತಾನೇ ಮುಚ್ಚಿಕೊಳ್ಳುವ ಗೇಟ್ ಸಮೇತ. ತಡೆಹಿಡಿದ 10% ಚೆಕ್ಕನ್ನು ಮೊದಲೇ ಕೊಡಿ ಎಂದು ನನ್ನ ಗಂಡನಿಗೆ ಫೋನ್ ಮಾಡಿದ್ದ, ಅವರು ‘ಹೆಂಡತಿ ಹತ್ರ ಕೇಳಿ’ ಎಂದರು. ಕೇಳಲಿಲ್ಲ.

ಪೂಲ್ ಕಟ್ಟಿಸಲು ಹೊರಟಿರುವವರು ಯಾರಾದರೂ ಇದ್ದರೆ ಆ ಪತ್ರದ ಕರಡು ನನ್ನ ಹತ್ತಿರ ಇದೆ, ಕೇಳಿದರೆ ಕಳಿಸುತ್ತೇನೆ, ವಕೀಲರಿಗೆ ಒಮ್ಮೆ ತೋರಿಸಿ ಬಳಸಿ. ಕಂಟ್ರಾಕ್ಟರ್ ಹೆಸರು ಮಾತ್ರ ಕೇಳಬೇಡಿ. ಹೀಟರ್ ವಾರಂಟಿಯ ಕಾಗದ ಇನ್ನೂ ಅವನ ಹತ್ತಿರವೇ ಇದೆ.